ಐರ್ಲೆಂಡಿನ ಕಣಕಕ್ಕೆ ಕೆಂಗೇರಿಯ ಹೂರಣ

ಮಕ್ಕಳೇ,

ಮೊದಲು ನಾಲಿಗೆ ಚಾಚಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಅಂಗಡಿಯ ಡಬ್ಬಿಯಿಂದ ಬ್ಲೂಬೆರಿ ತಿಂದವರ ನಾಲಿಗೆಗೆ ಬಣ್ಣ ಹತ್ತುವುದಿಲ್ಲ. ಆ ಹಣ್ಣಿಗೆ ಸಿಪ್ಪೆ ಮಾತ್ರ ನೀಲಿ, ಕಚ್ಚಿದರೆ ಒಳಗೆಲ್ಲ ತಿಳಿ ಹಸಿರು. ನೀವಿರುವ ಡಬ್ಲಿನ್ ಊರಿನ ದಕ್ಷಿಣಕ್ಕೆ ವಿಕ್ಲೋ ಬೆಟ್ಟಗಳಿವೆಯಲ್ಲ, ಅಲ್ಲಿ ಜುಲೈ ಕೊನೆಯಲ್ಲಿ ಬಗ್ಗಿ ಬಗ್ಗಿ ಕಿತ್ತು ತಿನ್ನುವ ಕಾಡುಹಣ್ಣು ಬೇರೆ ಜಾತಿ. ಅದರ ಸಿಪ್ಪೆ, ತಿರುಳು, ರಸ ಮೂರೂ ಒಂದೇ ಬಣ್ಣ. ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡರೆ ನಾಲಿಗೆ, ತುಟಿ, ಬೆರಳ ತುದಿ ಎಲ್ಲ ಬಣ್ಣವಾಗುತ್ತದೆ. ಕದ್ದು ತಿಂದೆ ಎಂದು ಅಮ್ಮನಿಗೆ ಹೇಳಲು ಬೇರೆ ಸಾಕ್ಷಿ ಬೇಡ.

ನಮ್ಮ ಕೆಂಗೇರಿಯಲ್ಲಿ ಜೂನ್ ಬಂತೆಂದರೆ ಮೈಸೂರು ರಸ್ತೆಯ ಉದ್ದಕ್ಕೂ ನೇರಳೆ ಹಣ್ಣಿನ ತಳ್ಳುಗಾಡಿಗಳು ನಿಲ್ಲುತ್ತವೆ. ಶಾಲೆ ಬಿಟ್ಟ ಮಕ್ಕಳು ಉಪ್ಪು ಉದುರಿಸಿದ ಪೊಟ್ಟಣ ಹಿಡಿದು ಮನೆ ಸೇರುವಷ್ಟರಲ್ಲಿ ಅವರ ನಾಲಿಗೆಯೂ ಹೀಗೇ ಆಗಿರುತ್ತದೆ. ನೀವು ಪರ್ಪಲ್ ಎನ್ನುವ ಬಣ್ಣಕ್ಕೆ ಕನ್ನಡದಲ್ಲಿ ಆ ಹಣ್ಣಿನ ಹೆಸರನ್ನೇ ಇಟ್ಟಿದ್ದೇವೆ: ನೇರಳೆ ಬಣ್ಣ. ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಪುರೋಹಿತರು ಹೇಳುವ ಜಂಬೂದ್ವೀಪದ ಜಂಬೂ ಕೂಡ ಇದೇ ನೇರಳೆ. ನಾಡೆಲ್ಲ ಒಂದು ಹಣ್ಣಿನ ಮರದ ಹೆಸರಿನ ನಾಡು ಎಂದು ಹಿಂದಿನವರು ಎಣಿಸಿದ್ದರು.

ನಿಮ್ಮ ಕೂಟದವರು ಈ ಸಂಚಿಕೆಗೆ ಊರಿನ ಯಾವುದಾದರೂ ಸಂಪ್ರದಾಯದ ಬಗ್ಗೆ ಬರೆಯಿರಿ ಎಂದು ಕೇಳಿದಾಗ ಕರಗ, ದಸರಾ ಇತ್ಯಾದಿ ನೆನಪಾಯಿತು. ಅವನ್ನೆಲ್ಲ ಬಲ್ಲವರು ಬರೆಯುತ್ತಾರೆ. ನಾನು ಬರೆಯುವುದು ಒಂದು ಪೈ ಬಗ್ಗೆ. ಅದು ನೀವು ಇರುವ ದೇಶದ್ದು, ಬೆಂದದ್ದು ನಾನು ಇರುವ ಊರಿನಲ್ಲಿ.

ಎರಡು ವರ್ಷದ ಹಿಂದೆ ಮಗಳ ಮನೆಗೆಂದು ಡಬ್ಲಿನ್ನಿಗೆ ಬಂದಿದ್ದೆ. ಪಕ್ಕದ ಮನೆಯಲ್ಲಿ ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ಅಜ್ಜಿ. ಜುಲೈ ಕೊನೆಯ ಭಾನುವಾರ ಬೆಳಿಗ್ಗೆ ಅವರು ಎರಡು ಸಣ್ಣ ಬಕೆಟ್ಟು ಹಿಡಿದು ಬಂದು, ನನ್ನನ್ನೂ ಮೊಮ್ಮಕ್ಕಳನ್ನೂ ಬೆಟ್ಟಕ್ಕೆ ಹೊರಡಿಸಿದರು. ಇವತ್ತು ಫ್ರಾಹನ್ ಭಾನುವಾರ, ಮನೆಯಲ್ಲಿ ಕೂರಬಾರದು ಎಂದರು.

ಫ್ರಾಹನ್ ಎನ್ನುವುದು ಆ ಕಾಡುಹಣ್ಣಿಗೆ ಐರ್ಲೆಂಡಿನವರ ಹೆಸರು. ಇಂಗ್ಲೆಂಡಿನಲ್ಲಿ ಬಿಲ್ಬೆರಿ ಎನ್ನುತ್ತಾರೆ. ಬೆಟ್ಟದ ಮೇಲೆ ನೇರಳೆ ಬಣ್ಣದ ಹೂ ಹೊದ್ದು ನಿಲ್ಲುವ ಹೀದರ್ ಗಿಡವನ್ನು ನೋಡಿರುತ್ತೀರಿ. ಐರಿಷ್ ಭಾಷೆಯಲ್ಲಿ ಆ ಗಿಡಕ್ಕಿರುವ ಹೆಸರಿನಿಂದಲೇ ಅದರ ನಡುವೆ ಬೆಳೆಯುವ ಈ ಹಣ್ಣಿನ ಹೆಸರೂ ಹುಟ್ಟಿತು. ಗಿಡ ಮೊಣಕಾಲೆತ್ತರ ಬಂದರೆ ಹೆಚ್ಚು. ದ್ರಾಕ್ಷಿಯ ಹಾಗೆ ಗೊಂಚಲು ಬಿಡುವುದಿಲ್ಲ. ಎಲೆಯ ಕೆಳಗೆ ಒಂದು, ಅಪರೂಪಕ್ಕೆ ಎರಡು. ತುದಿಯಲ್ಲಿ ಪುಟ್ಟ ಕಿರೀಟದ ಗುರುತು. ದೊಡ್ಡವರು ನಿಂತು ನೋಡಿದರೆ ಏನೂ ಕಾಣುವುದಿಲ್ಲ, ಎಲೆ ಎತ್ತಿ ಹುಡುಕಬೇಕು. ನೆಲಕ್ಕೆ ಹತ್ತಿರ ಇರುವವರಿಗೆ ಸಿಗುವ ಹಣ್ಣು ಅದು, ಹಾಗಾಗಿ ಮೊದಲಿನಿಂದಲೂ ಮಕ್ಕಳ ಪಾಲಿನದು. ಒಂದು ಮಾತು ಮಾತ್ರ ನೆನಪಿರಲಿ: ಗಿಡ ಬಲ್ಲ ಹಿರಿಯರು ಜೊತೆಯಲ್ಲಿಲ್ಲದೆ ಯಾವ ಕಾಡುಹಣ್ಣನ್ನೂ ಬಾಯಿಗೆ ಹಾಕಬೇಡಿ.

ನಿಮ್ಮ ಶಾಲೆಯಲ್ಲಿ ಆಗಸ್ಟ್ ತಿಂಗಳಿಗೆ ಐರಿಷ್‌ನಲ್ಲಿ ಲೂನಸ ಎಂದು ಕಲಿಸುತ್ತಾರಲ್ಲ, ಆ ಹೆಸರಿನ ಹಬ್ಬದ ತುಂಡೇ ಈ ಭಾನುವಾರ. ಲೂ ಎಂಬ ದೇವರು ತನ್ನ ಸಾಕುತಾಯಿಯ ನೆನಪಿಗೆ ಆಟ, ಓಟ, ಜಾತ್ರೆ ನಡೆಸಿದ ಎಂಬ ಕಥೆ ಅದರ ಹಿಂದಿದೆ. ಕಾಡು ಕಡಿದು ಬಯಲನ್ನು ಹೊಲ ಮಾಡಿ, ದಣಿದು ಸತ್ತ ತಾಯಿ ಆಕೆ. ಕಥೆಯ ಕೆಳಗೆ ಹೊಟ್ಟೆಯ ಲೆಕ್ಕವೂ ಇದೆ. ಹಳೆಯ ಆಲೂಗಡ್ಡೆ ಮುಗಿದು ಹೊಸದು ಬಾರದ ಜುಲೈ ತಿಂಗಳನ್ನು ಅಲ್ಲಿಯ ಬಡವರು ಹಸಿವಿನ ಜುಲೈ ಎನ್ನುತ್ತಿದ್ದರು. ಅದು ದಾಟಿ ಹೊಸ ಬೆಳೆ ಕೈಗೆ ಬರುವ ಹೊತ್ತಿಗೆ ಬೆಟ್ಟದ ಮೇಲೆ ಹಣ್ಣು ಮಾಗಿರುತ್ತಿತ್ತು. ಹಣ್ಣು ತುಂಬ ಬಿಟ್ಟ ವರ್ಷ ಹೊಲವೂ ತುಂಬುತ್ತದೆ ಎಂದು ನಂಬುತ್ತಿದ್ದರು. ಊರಿಗೆ ಊರೇ ಬೆಟ್ಟ ಹತ್ತಿ, ಹಣ್ಣು ಕಿತ್ತು, ಪಿಟೀಲು ನುಡಿಸಿ, ಕುಣಿದು ಇಳಿಯುತ್ತಿತ್ತು. ಹುಡುಗರು ದಾರಕ್ಕೆ ಹಣ್ಣು ಪೋಣಿಸಿ ಹುಡುಗಿಯರಿಗೆ ಬಳೆ ಕಟ್ಟಿಕೊಡುತ್ತಿದ್ದರು. ಡೊನೆಗಾಲ್ ಕಡೆಯ ಒಂದು ಬೆಟ್ಟದಲ್ಲಿ ಇಳಿಯುವ ಮೊದಲು ಆ ಬಳೆಯನ್ನು ಅಲ್ಲೇ ಬಿಟ್ಟು ಬರುವ ಪದ್ಧತಿಯಿತ್ತು. ಹುಡುಗಿಯರು ಮನೆಗೆ ತಂದ ಹಣ್ಣಿನಿಂದ ಕೇಕು ಮಾಡಿ ತಮಗೆ ಇಷ್ಟವಾದ ಹುಡುಗನಿಗೆ ಕೊಡುತ್ತಿದ್ದರು.

ಇದೆಲ್ಲ ನಮಗೆ ಹೇಗೆ ತಿಳಿಯಿತು ಎಂದರೆ, ಕೇಳಿ ಬರೆದಿಟ್ಟವರಿದ್ದರು. ಮಾಯ್ರ ಮಕ್‌ನೀಲ್ ಎಂಬ ವಿದುಷಿ ಲೂನಸ ಹಬ್ಬದ ಮೇಲೆ 1962ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ನಿಮ್ಮ ವಯಸ್ಸಿನವರು ಮಾಡಿದ ಕೆಲಸ. 1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 5,000 ಶಾಲೆಗಳ ಸುಮಾರು 50,000 ಮಕ್ಕಳು ಮನೆಯ ಅಜ್ಜ ಅಜ್ಜಿಯರನ್ನು, ನೆರೆಹೊರೆಯ ಮುದುಕರನ್ನು ಕೇಳಿ ಕೇಳಿ ಕಥೆ, ಔಷಧಿ, ಆಟ, ಅಡುಗೆಗಳನ್ನು ಪುಸ್ತಕಕ್ಕೆ ಇಳಿಸಿದರು. ಆ ಕೈಬರಹ ಇಂದಿಗೂ ಜೋಪಾನವಾಗಿದೆ. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲೇ ಮುಂದೆ ಹೋದರೆ ರಾಮನಗರದ ಬಳಿ ನಮ್ಮ ಜನಪದವನ್ನು ಹೀಗೇ ಕೂಡಿಟ್ಟ ಎಚ್. ಎಲ್. ನಾಗೇಗೌಡರು 1994ರಲ್ಲಿ ಕಟ್ಟಿ ನಿಲ್ಲಿಸಿದ ಜಾನಪದ ಲೋಕ ಇದೆ. ನಾಗೇಗೌಡರ ಕೆಲಸವನ್ನು ಅಲ್ಲಿ ಐವತ್ತು ಸಾವಿರ ಮಕ್ಕಳು ಮಾಡಿದ್ದರು ಎಂದುಕೊಳ್ಳಿ. ರಜೆಗೆ ಬಂದಾಗ ನಿಮ್ಮನ್ನು ಜಾನಪದ ಲೋಕಕ್ಕೆ ಕರೆದೊಯ್ಯುವುದು ನನ್ನ ಹೊಣೆ.

ಅವತ್ತು ಸಂಜೆ ಪಕ್ಕದ ಮನೆಯ ಅಜ್ಜಿ ತಮ್ಮ ಅಡುಗೆಮನೆಯಲ್ಲಿ ಪೈ ಮಾಡಿದರು. ನಾನು ಸ್ಟೂಲ್ ಎಳೆದುಕೊಂಡು ಕೂತು ನೋಡಿದೆ. ಅವರ ಇಂಗ್ಲಿಷ್ ನನಗೆ ಅರ್ಧ, ನನ್ನದು ಅವರಿಗೆ ಕಾಲು. ಆದರೆ ಹಿಟ್ಟಿಗೆ ಬೆಣ್ಣೆ ಬಿದ್ದ ಕೂಡಲೇ ಭಾಷೆ ಬೇಕಾಗಲಿಲ್ಲ. ಹೊರಗೆ ಕಣಕ, ಒಳಗೆ ಹೂರಣ. ಹೋಳಿಗೆ, ಕಡುಬು, ಕರ್ಜಿಕಾಯಿ ಮಾಡುವ ಮನೆಯವಳಿಗೆ ಇನ್ನೇನು ವಿವರಿಸಬೇಕು?

ಒಂದು ಕಡೆ ಮಾತ್ರ ಅವರು ನನ್ನ ಕೈ ಹಿಡಿದು ತಡೆದರು. ನಾನು ಅಭ್ಯಾಸದಂತೆ ಹಿಟ್ಟು ನಾದಲು ಹೋಗಿದ್ದೆ. ಹೋಳಿಗೆಯ ಕಣಕವನ್ನು ನಾವು ಎಣ್ಣೆ ಸುರಿದು, ಎತ್ತಿ ಬಡಿದು, ನಾದಿ ನಾದಿ ನೆನೆಯಿಡುತ್ತೇವೆ. ನಾದಿದಷ್ಟೂ ಹಿಟ್ಟಿನೊಳಗಿನ ಗ್ಲುಟೆನ್ ಎಳೆಗಳು ಹೆಣೆದುಕೊಂಡು ಕಣಕ ರಬ್ಬರಿನಂತೆ ಎಳೆಯುತ್ತದೆ. ಹಾಗೆ ಎಳೆದರಷ್ಟೇ ಹೂರಣ ಹೊರಗೆ ಬಾರದೆ ತೆಳುವಾಗಿ ತಟ್ಟಲು ಬರುತ್ತದೆ. ಪೈ ಕಣಕಕ್ಕೆ ಆ ಎಳೆ ಬರಲೇಕೂಡದು. ತಣ್ಣನೆಯ ಬೆಣ್ಣೆ ಹಿಟ್ಟಿನ ಕಣಕಣಕ್ಕೂ ಮೆತ್ತಿಕೊಂಡು ನೀರು ಒಳಗಿಳಿಯದಂತೆ ತಡೆದರೆ ಬೆಂದ ಮೇಲೆ ಮುರಿದಲ್ಲಿ ಪುಡಿಯಾಗಿ ಉದುರುತ್ತದೆ. ಕರ್ಜಿಕಾಯಿ ಹಿಟ್ಟಿಗೆ ಕಾಯಿಸಿದ ತುಪ್ಪ, ನಿಪ್ಪಟ್ಟಿನ ಹಿಟ್ಟಿಗೆ ಕಾದ ಎಣ್ಣೆ ಹಾಕಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುತ್ತದೆಯೇ ಎಂದು ನೋಡುತ್ತೇವಲ್ಲ, ಕೆಲಸ ಅದೇ. ನಾವು ಕಾಯಿಸಿ ಹಾಕುತ್ತೇವೆ, ಅವರು ತಣ್ಣಗೆ ಮಾಡಿ ಹಾಕುತ್ತಾರೆ.

ಕೆಂಗೇರಿಗೆ ಮರಳಿದ ಮೇಲೆ ಆ ರುಚಿ ಮನಸ್ಸು ಬಿಡಲಿಲ್ಲ. ಇಲ್ಲಿ ಫ್ರಾಹನ್ ಎಲ್ಲಿ? ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಪರದೇಶದ ಬ್ಲೂಬೆರಿ ಸಿಗುತ್ತದೆ, ಬೆರಳೆಣಿಕೆಯ ಹಣ್ಣಿಗೆ ಕೈತುಂಬ ದುಡ್ಡು. ಒಮ್ಮೆ ತಂದು ಮಾಡಿದೆ. ಬಣ್ಣವೂ ಇಲ್ಲ, ಹುಳಿಯೂ ಇಲ್ಲ. ಆಮೇಲೆ ಮಳೆಗಾಲಕ್ಕೆ ನೇರಳೆಯಲ್ಲಿ ಮಾಡಿದೆ. ಒಂದು ಕಿಲೋ ಹಣ್ಣಿನ ಬೀಜ ಬಿಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಬೆಂದ ಮೇಲೆ ಒಗರು ನಾಲಿಗೆಗೆ ಅಂಟಿಕೊಂಡಿತು. ನೇರಳೆಯನ್ನು ಮರದ ಕೆಳಗೆ ಕೂತು ಹಾಗೇ ತಿನ್ನಬೇಕು ಎಂದು ಒಪ್ಪಿಕೊಂಡೆ.

ಆಗ ನೆನಪಾದದ್ದು ಅದರ ಹೆಸರನ್ನೇ ಹೊತ್ತ ಇನ್ನೊಂದು ಹಣ್ಣು: ಹಿಪ್ಪುನೇರಳೆ. ನೀವು ಮಲ್ಬೆರಿ ಎನ್ನುತ್ತೀರಿ. ಕೆಂಗೇರಿ ದಾಟಿ ಬಿಡದಿ, ರಾಮನಗರದ ಕಡೆಗೆ ಹೋದಂತೆ ಹೊಲಗಳಲ್ಲಿ ಸಾಲು ಸಾಲು ಹಿಪ್ಪುನೇರಳೆ. ರೇಷ್ಮೆಹುಳುವಿಗೆ ಅದರ ಎಲೆಯೊಂದೇ ಆಹಾರ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು. ನಿಮ್ಮ ಅಮ್ಮನ ಮದುವೆ ಸೀರೆಯ ದಾರ ಆ ಮಾರುಕಟ್ಟೆ ಹಾದೇ ಬಂದಿರಬಹುದು. ಎಲೆಗೆಂದು ಬೆಳೆಸುವ ಗಿಡವನ್ನು ಮತ್ತೆ ಮತ್ತೆ ಕತ್ತರಿಸುವುದರಿಂದ ಅದರಲ್ಲಿ ಹಣ್ಣು ಕಾಣುವುದು ಅಪರೂಪ. ಬದುವಿನ ಮೇಲೆ ಮರವಾಗಲು ಬಿಟ್ಟದ್ದು ಬೇಸಿಗೆಯ ಹೊತ್ತಿಗೆ ಹಸಿರು, ಕೆಂಪು, ಕಪ್ಪು ಹಣ್ಣು ಒಟ್ಟಿಗೇ ಹೊತ್ತು ನಿಂತಿರುತ್ತದೆ. ರೈತರು ಅದನ್ನು ಮಾರುವುದಿಲ್ಲ. ಹಕ್ಕಿಗಳಿಗೆ, ಮಕ್ಕಳಿಗೆ ಬಿಟ್ಟದ್ದು. ಬಿಡದಿಯ ಆಚೆ ಪರಿಚಯದ ರೇಷ್ಮೆ ಬೆಳೆಗಾರರ ಹೊಲದಲ್ಲಿ ಅಂಥ ಒಂದು ಮರವಿದೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಡಬ್ಬಿ ಹಿಡಿದು ಬಸ್ಸು ಹತ್ತಿದೆ.

ಇಲ್ಲಿ ಒಬ್ಬ ಐರಿಷ್ ಮನುಷ್ಯನ ಕಥೆ ಹೇಳಲೇಬೇಕು. ಬೆಲ್‌ಫಾಸ್ಟ್‌ನಲ್ಲಿ 1873ರಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್ ಎಂಬ ಕವಿ ಭಾರತಕ್ಕೆ ಬಂದು ನೆಲೆಸಿದ್ದರು. 1924ರಲ್ಲಿ ಅವರು ಮೈಸೂರಿಗೆ ಬಂದಾಗ ಮಲೆನಾಡಿನ ಕಡೆಯ ಇಪ್ಪತ್ತರ ಹರೆಯದ ಒಬ್ಬ ವಿದ್ಯಾರ್ಥಿ ತಾನು ಇಂಗ್ಲಿಷಿನಲ್ಲಿ ಬರೆದ ಕವಿತೆಗಳನ್ನು ಅವರಿಗೆ ತೋರಿಸಿದ. ಅದಕ್ಕೆ ಎರಡು ವರ್ಷದ ಹಿಂದೆ ಅವನ ಒಂದು ಇಂಗ್ಲಿಷ್ ಕವಿತಾ ಪುಸ್ತಕವೂ ಅಚ್ಚಾಗಿತ್ತು. ಕಸಿನ್ಸ್ ಅವನ್ನು ಓದಿ, ನಿನ್ನ ತಾಯ್ನುಡಿಯಲ್ಲಿ ಏನು ಬರೆದಿದ್ದೀಯ ಎಂದು ಕೇಳಿದರು, ಕನ್ನಡದಲ್ಲೇ ಬರೆ ಎಂದರು. ಆ ಹುಡುಗ ಕುವೆಂಪು. ಆಮೇಲೆ ಅವರು ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯ ಕೊಳಲೂದುವವನ ಕಥೆಯನ್ನು ನಮ್ಮ ಮಕ್ಕಳಿಗೆಂದು ತಂದಾಗ, ಜರ್ಮನಿಯ ಊರನ್ನು ಬಿಟ್ಟು ತುಂಗೆಯ ದಡದಲ್ಲಿ ಬೊಮ್ಮನಹಳ್ಳಿ ಎಂಬ ಊರು ಕಟ್ಟಿದರು, ಕೊಳಲೂದುವವನು ಕಿಂದರಿಜೋಗಿಯಾದ. ಕಿಂದರಿಜೋಗಿ ಈಗ ಯಾವ ದೇಶದವನು ಎಂದು ಯಾವ ಕನ್ನಡದ ಮಗುವೂ ಕೇಳುವುದಿಲ್ಲ. ಬಸ್ಸಿನಲ್ಲಿ ಕೂತು ನಾನು ಯೋಚಿಸುತ್ತಿದ್ದದ್ದು ಇದನ್ನೇ. ಪೈಗೂ ಅದೇ ನ್ಯಾಯ. ದುಬಾರಿ ಬ್ಲೂಬೆರಿ ತುಂಬಿ ನಕಲು ಮಾಡಿದರೆ ಅದು ಡಬ್ಲಿನ್ನಿನ ಪೈನ ನೆರಳು. ನಮ್ಮ ಬದುವಿನ ಹಣ್ಣು ತುಂಬಿದರೆ ಅದು ಇಲ್ಲಿ ಹುಟ್ಟಿದ್ದಾಗುತ್ತದೆ.

ಮಾಡುವ ಬಗೆ ಹೇಳುತ್ತೇನೆ, ಅಪ್ಪ ಅಮ್ಮ ಜೊತೆಗಿರುವಾಗ ಮಾಡಿ. ಕಣಕಕ್ಕೆ 250 ಗ್ರಾಂ ಮೈದಾ, ಅದರ ಅರ್ಧ ಎಂದರೆ 125 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ. ಬೆಣ್ಣೆ ಫ್ರಿಜ್ಜಿನಿಂದ ಈಗ ತೆಗೆದಂತಿರಬೇಕು. ಸಣ್ಣ ಚೂರು ಮಾಡಿ ಬೆರಳ ತುದಿಯಲ್ಲಷ್ಟೇ ಹಿಟ್ಟಿಗೆ ಉಜ್ಜಿ, ಅಂಗೈ ತಗಲಿಸಬೇಡಿ, ಅಂಗೈಯ ಬಿಸಿಗೆ ಕರಗುತ್ತದೆ. ಹಿಟ್ಟು ಚಿರೋಟಿ ರವೆಯಂತೆ ಉದುರುದುರಾದಾಗ ಐಸ್ ನೀರನ್ನು ಚಮಚ ಚಮಚವಾಗಿ ಚಿಮುಕಿಸಿ. ನಾಲ್ಕು ಚಮಚ ಸಾಕಾಗಬಹುದು, ಐದು ಬೇಕಾಗಬಹುದು, ಹಿಟ್ಟು ಕೇಳಿದಷ್ಟು. ಒಟ್ಟುಗೂಡಿಸಿ ಮುಚ್ಚಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಡಬ್ಲಿನ್ನಿನಲ್ಲಿ ನಿಮಗೆ ಇದು ಸುಲಭ. ಮಾರ್ಚ್ ತಿಂಗಳ ಕೆಂಗೇರಿಯಲ್ಲಿ ನಾನು ಬೆಳಗಿನ ಐದೂವರೆಗೆ ಎದ್ದು, ಹಿಟ್ಟನ್ನೂ ಪಾತ್ರೆಯನ್ನೂ ಕೂಡ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿಕೊಂಡೆ.

ಹೂರಣಕ್ಕೆ ಅರ್ಧ ಕಿಲೋ ಹಣ್ಣು. ಹಿಪ್ಪುನೇರಳೆಯಾದರೆ ತೊಟ್ಟನ್ನು ಕತ್ತರಿಯಿಂದ ಕತ್ತರಿಸಿ, ತೊಳೆದು, ಬಟ್ಟೆಯ ಮೇಲೆ ಆರಲು ಬಿಡಿ. ಅದು ಸಿಹಿ ಹಣ್ಣು, 80 ಗ್ರಾಂ ಸಕ್ಕರೆ ಸಾಕು, ಹುಳಿಗೆ ಒಂದು ನಿಂಬೆಹಣ್ಣಿನ ರಸ ಬೇಕೇ ಬೇಕು. ನೀವು ಫ್ರಾಹನ್ ಹಾಕಿದರೆ ಸಕ್ಕರೆ ಸ್ವಲ್ಪ ಮುಂದಾಗಿರಲಿ, ನಿಂಬೆ ಕಡಿಮೆ. ರಸ ಗಟ್ಟಿಯಾಗಲು ಎರಡು ಚಮಚ ಕಾರ್ನ್‌ಫ್ಲೋರ್. ನಿಂಬೆರಸ ಬೀಳುತ್ತಿದ್ದ ಹಾಗೆ ನೇರಳೆ ಬಣ್ಣ ಕೆಂಪಿಗೆ ತಿರುಗುವುದನ್ನು ನೋಡಿ. ಒಂದು ಚಮಚ ರಸವನ್ನು ಬೇರೆ ಬಟ್ಟಲಿಗೆ ತೆಗೆದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಅದು ನೀಲಿಯ ಕಡೆಗೆ ಹೋಗುತ್ತದೆ. ಹುಳಿಗೊಂದು ಬಣ್ಣ, ಕ್ಷಾರಕ್ಕೊಂದು ಬಣ್ಣ ತೋರಿಸುವ ಆಂಥೋಸಯನಿನ್ ಎಂಬ ವಸ್ತು ಈ ಹಣ್ಣುಗಳಲ್ಲೆಲ್ಲ ಇದೆ.

ಕಣಕದ ದೊಡ್ಡ ಪಾಲನ್ನು ಲಟ್ಟಿಸಿ ತಟ್ಟೆಗೆ ಹಾಸಿ, ಹಣ್ಣು ತುಂಬಿ, ಉಳಿದ ಪಾಲು ಲಟ್ಟಿಸಿ ಮೇಲೆ ಹೊದಿಸಿ. ಅಂಚನ್ನು ಕರ್ಜಿಕಾಯಿಗೆ ಮಡಚುವ ಹಾಗೆ ಮಡಚಿ ಒತ್ತಿ. ಮೇಲೆ ಚಾಕುವಿನಿಂದ ನಾಲ್ಕು ಸೀಳು ಬಿಡಿ, ಇಲ್ಲದಿದ್ದರೆ ಹಬೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಓವನ್ನಿನಲ್ಲಿ 200 ಡಿಗ್ರಿಗೆ ಇಪ್ಪತ್ತು ನಿಮಿಷ, ಆಮೇಲೆ 180ಕ್ಕೆ ಇಳಿಸಿ ಇನ್ನೊಂದು ಇಪ್ಪತ್ತೈದು ನಿಮಿಷ. ಸೀಳಿನಲ್ಲಿ ರಸ ಕುದಿದು ಉಕ್ಕುವುದು ಕಾಣಬೇಕು. ಹೊರಗೆ ತೆಗೆದು ಒಂದು ಗಂಟೆ ಮುಟ್ಟಬೇಡಿ. ಈ ಒಂದು ಗಂಟೆಯೇ ಎಲ್ಲಕ್ಕಿಂತ ಕಷ್ಟ.

ನನ್ನ ಮನೆಯಲ್ಲಿ ಓವನ್ ಇಲ್ಲ. ಹಿಂದೆ ನಾವೆಲ್ಲ ಕೇಕ್ ಮಾಡುತ್ತಿದ್ದ ಹಾಗೆ, ದಪ್ಪ ತಳದ ಪಾತ್ರೆಗೆ ಮರಳು ಹಾಕಿ ಕಾಯಿಸಿ, ಮೇಲೆ ತಟ್ಟೆ ಇಟ್ಟು ಮುಚ್ಚಿದೆ. ಮುಕ್ಕಾಲು ಗಂಟೆಯ ನಂತರ ನೋಡಿದರೆ ಕೆಳಗೆ ಚೆನ್ನಾಗಿ ಬೆಂದಿದೆ, ಮೇಲುಹೊದಿಕೆ ಸುಣ್ಣದಂತೆ ಬಿಳಿ. ಆಗ ಡಬ್ಲಿನ್ನಿನ ಅಜ್ಜಿಯ ಮಾತು ನೆನಪಾಯಿತು. ಅವರ ತಾಯಿಗೂ ಓವನ್ ಇರಲಿಲ್ಲವಂತೆ. ಬ್ಯಾಸ್ಟಿಬಲ್ ಎಂಬ ಮೂರು ಕಾಲಿನ ಎರಕದ ಕಬ್ಬಿಣದ ಪಾತ್ರೆ, ಅದನ್ನು ಬೆಂಕಿಯ ಮೇಲೆ ತೂಗಿಬಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರಂತೆ. ಉರುವಲು ಜೌಗುನೆಲದಿಂದ ಇಟ್ಟಿಗೆಯಂತೆ ಕಡಿದು ಒಣಗಿಸಿದ ಪೀಟ್, ನಮ್ಮ ಬೆರಣಿ ಇದ್ದ ಹಾಗೆ. ನಮ್ಮ ಹಿತ್ತಲಿನ ನೀರೊಲೆಯಲ್ಲಿ ತೆಂಗಿನ ಚಿಪ್ಪು ಉರಿದು ಕೆಂಡವಾಗಿತ್ತು. ಇಕ್ಕಳದಲ್ಲಿ ತಂದು ಮುಚ್ಚಳದ ಮೇಲೆ ಹರಡಿದೆ. ಹದಿನೈದು ನಿಮಿಷಕ್ಕೆ ಮೇಲುಹೊದಿಕೆ ಹೊಂಬಣ್ಣಕ್ಕೆ ಬಂತು. ಅಂದು ನನಗಾದ ಸಂತೋಷವನ್ನು ಹೇಗೆ ಬರೆಯಲಿ? ಕಾಣದ ಒಬ್ಬ ಹೆಂಗಸು, ಎಂದೋ ತೀರಿಹೋದವಳು, ಕೆಂಗೇರಿಯ ನನ್ನ ಹಿತ್ತಲಿಗೆ ಬಂದು ಕೆಂಡ ಹರಡಿ ಹೋದಂತಾಯಿತು.

ಹಣ್ಣು, ಹಿಟ್ಟು, ಮಕ್ಕಳು ಮೂರೂ ಸೇರಿದ ಕಡೆ ಎರಡೂ ನಾಡುಗಳು ಹತ್ತಿರ ಬಂದುಬಿಡುತ್ತವೆ. ನಿಮ್ಮಲ್ಲಿ ಹ್ಯಾಲೋವೀನ್‌ಗೆ ಬಾರ್ಮ್‌ಬ್ರ್ಯಾಕ್ ಎಂಬ ಒಣದ್ರಾಕ್ಷಿ ಬ್ರೆಡ್ಡಿನೊಳಗೆ ಉಂಗುರ, ನಾಣ್ಯ ಅಡಗಿಸುತ್ತಾರೆ. ನಮ್ಮಲ್ಲಿ ಆಷಾಢದ ಕೊನೆಗೆ ಭೀಮನ ಅಮಾವಾಸ್ಯೆಯ ದಿನ ಹಿಟ್ಟಿನ ಕಡುಬಿನೊಳಗೆ ನಾಣ್ಯ ಇಟ್ಟು ಹೊಸ್ತಿಲ ಮೇಲೆ ಸಾಲಾಗಿ ಜೋಡಿಸುತ್ತೇವೆ. ಮನೆಯ ಗಂಡುಮಕ್ಕಳು ಮೊಣಕೈಯಿಂದ ಗುದ್ದಿ ಒಡೆಯಬೇಕು. ಅದಕ್ಕೆ ಭಂಡಾರ ಒಡೆಯುವುದು ಎಂದು ಹೆಸರು. ಹೆಣ್ಣುಮಕ್ಕಳೂ ಒಡೆಯಲಿ ಎಂದು ನಮ್ಮ ಮನೆಯಲ್ಲಿ ನಾನು ಬದಲಾಯಿಸಿದ್ದೇನೆ. ಸಂಕ್ರಾಂತಿಗೆ ಎಳೆಯ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ತಲೆಯ ಮೇಲಿಂದ ಸುರಿಯುತ್ತೇವೆ, ಅದು ಹಣ್ಣೆರೆಯುವುದು. ನನ್ನ ಮಗಳು ಡಬ್ಲಿನ್ನಿನ ಜನವರಿಯಲ್ಲಿ ಎಲಚಿ ಸಿಗದೆ ಅಂಗಡಿಯ ಬ್ಲೂಬೆರಿಯಲ್ಲೇ ಹಣ್ಣೆರೆದಳು. ಮೊದಲು ಫೋಟೋ ನೋಡಿದಾಗ ನನಗೆ ಸಂಕಟವಾಗಿತ್ತು. ಈಗ ಆ ಫೋಟೋ ಅಡುಗೆಮನೆಯ ಗೋಡೆಯ ಮೇಲಿದೆ.

ಪೂಕನ ವಿಷಯ ಮರೆತೆ. ಅಕ್ಟೋಬರ್ ಕೊನೆಯ ನಂತರ ಬೇಲಿಯ ಬ್ಲ್ಯಾಕ್‌ಬೆರಿ ಕೀಳಬಾರದು, ಪೂಕ ಎಂಬ ತುಂಟ ಭೂತ ಅದರ ಮೇಲೆ ಉಗುಳಿರುತ್ತಾನೆ ಎಂದು ಅಲ್ಲಿಯ ಅಜ್ಜಿಯರು ಹೇಳುತ್ತಾರೆ. ಚಳಿ ತಗುಲಿ ಕೊಳೆತ ಹಣ್ಣು ಮಕ್ಕಳು ತಿನ್ನದಿರಲಿ ಎಂದು ಕಟ್ಟಿದ ಮಾತು. ಸಂಜೆ ಹುಣಸೆಮರದ ಕೆಳಗೆ ಹೋಗಬೇಡ, ದೆವ್ವ ಇದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದದ್ದೂ ಪ್ರೀತಿಗೇ.

ಪೈ ಆದ ಮರುದಿನ ಒಂದು ದೊಡ್ಡ ತುಂಡನ್ನು ಡಬ್ಬಿಗೆ ಹಾಕಿಕೊಂಡು ಬಿಡದಿಯ ಹೊಲಕ್ಕೆ ಹೋದೆ. ಮನೆಯೊಳಗೆ ಚಂದ್ರಿಕೆ ಎಂಬ ತಟ್ಟೆಗಳ ಮೇಲೆ ರೇಷ್ಮೆಹುಳು ಗೂಡು ಕಟ್ಟುತ್ತಿತ್ತು. ಮನೆಯಾಕೆ ಕೈ ತೊಳೆದು ಬಂದು ಜಗಲಿಯ ಮೇಲೆ ಕೂತು ತಿಂದರು. ನಿಧಾನವಾಗಿ ಅಗಿದು, "ಕಡುಬು ಇದ್ದಂಗದಲ್ಲ ಕಣಮ್ಮ" ಎಂದರು. ಅದರಲ್ಲಿ ಅವರ ಮರದ ಹಣ್ಣೇ ಇರುವುದು ಎಂದೆ. ಅವರು ಎದ್ದು ಬದುವಿನ ಕಡೆ ನೋಡಿದರು. "ಆ ಮರ ಸವರಿಸ್ಬೇಕು ಅಂತಿದ್ರು ಇವ್ರು, ಎಲೆಗೆ. ಮಕ್ಳು ಬರೋದು ಯಾವಾಗ?"

ಏಪ್ರಿಲ್‌ನಲ್ಲಿ ಈಸ್ಟರ್ ರಜೆಗೆ ಎಂದೆ. ಅಲ್ಲಿಯವರೆಗೆ ಮೇಲಿನ ಕೊಂಬೆ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.